ರಾಗಿ ಗಂಟೆ

ಕೆಂಪಾಜಮ್ಮ ನನ್ನ ಬೆನ್ನು ಒರೆಸುತ್ತಿದ್ದಾಳೆ. ಮೊದಲು ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಗಾಳಿಯಾಡುವ ಸೀಳುಗಳಲ್ಲಿ ಕೂತ ದೂಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆದಕುತ್ತಾಳೆ. ಮುಂಭಾಗದ ಒಂದು ಗುಂಡಿಯ ಮೇಲೆ ಬಿಳಿ ಪ್ಲಾಸ್ಟರ್ ಪಟ್ಟಿ ಅಂಟಿಸಿದೆ. ಅಲ್ಲಿಗೆ ಬಂದಾಗ ಮಾತ್ರ ಅವಳ ಕೈ ನಿಧಾನವಾಗುತ್ತದೆ. ಆ ಪಟ್ಟಿಯನ್ನು ಇಷ್ಟು ವರ್ಷ ಯಾರೂ ಕಿತ್ತಿಲ್ಲ. ಅದರ ಕೆಳಗಿರುವುದು ನನ್ನ ದನಿ.

ಇವತ್ತಿನ ಈ ಜೋಪಾನ ನನ್ನನ್ನು ಉಗ್ರಾಣಕ್ಕೆ ಸಾಗಿಸುವುದಕ್ಕೆ. ಹೊಸ ಪೆಟ್ಟಿಗೆ ಬಂದು ಬಾಗಿಲ ಹೊರಗೆ ಕಾಯುತ್ತಿದೆ. ಹೋಗುವ ಮುಂಚೆ ನನ್ನ ಕಥೆ ಹೇಳಿಬಿಡುತ್ತೇನೆ.

ನಾನು ಒಂದು ಕಂಪ್ಯೂಟರ್ ಪೆಟ್ಟಿಗೆ. ಹೊಟ್ಟೆಯೊಳಗಿನ ದೊಡ್ಡ ಕರುಳನ್ನು ನೋಡುವ ಪರೀಕ್ಷೆಗೆ ಕೊಲೊನೋಸ್ಕೋಪಿ ಅನ್ನುತ್ತಾರೆ. ಬೆರಳು ಗಾತ್ರದ ಉದ್ದನೆ ಕೊಳವೆಯನ್ನು ಕೆಳಗಿನಿಂದ ಒಳಕ್ಕೆ ಬಿಡುತ್ತಾರೆ. ಅದರ ತುದಿಯಲ್ಲಿ ದೀಪ, ಕ್ಯಾಮೆರಾ. ಅದು ಕಂಡದ್ದೆಲ್ಲ ನನಗೂ ಕಾಣುತ್ತದೆ. ಕರುಳಿನ ಗೋಡೆಯಲ್ಲಿ ಪಾಲಿಪ್ ಎಂಬ ಸಣ್ಣ ಮೊಗ್ಗಿನಂಥ ಮಾಂಸ ಎದ್ದಿದ್ದರೆ ನಾನು ಪರದೆಯ ಮೇಲೆ ಅದರ ಸುತ್ತ ಹಸಿರು ಚೌಕ ಬರೆದು ಟಿಂಗ್ ಎಂದು ಗಂಟೆ ಹೊಡೆಯುತ್ತೇನೆ. ಹೆಚ್ಚಿನ ಪಾಲಿಪ್‌ಗಳು ಸುಮ್ಮನಿರುತ್ತವೆ. ಕೆಲವು ಬೆಳೆದು ಕ್ಯಾನ್ಸರ್ ಆಗುತ್ತವೆ. ಯಾವುದು ಸುಮ್ಮನಿರುತ್ತದೆ, ಯಾವುದು ಕೊಲ್ಲುತ್ತದೆ ಎಂದು ಹೇಳುವುದು ನನ್ನ ಕೆಲಸವಲ್ಲ. ಇಲ್ಲಿ ಏನೋ ಇದೆ, ನೋಡಿ ಎನ್ನುವುದಷ್ಟೇ ನನ್ನ ಕೆಲಸ.

ನನ್ನ ತಗಡಿನ ಮೈ ಎಲ್ಲೋ ಕಾರ್ಖಾನೆಯಲ್ಲಿ ಆಯಿತು. ಆದರೆ ನಿಜವಾಗಿ ಹುಟ್ಟಿದ್ದು ಪಾಠ ಕಲಿಯುವಾಗ. ದೂರದೇಶದ ಜನರ ಕರುಳಿನ ಲಕ್ಷಗಟ್ಟಲೆ ಚಿತ್ರಗಳನ್ನು ನನ್ನ ಮುಂದೆ ಹಿಡಿದರು. ಇದು ಹೌದು, ಇದು ಅಲ್ಲ, ಇದು ಹೌದು. ಹಾಗೆ ಕಲಿತೆ. ಅಷ್ಟು ಚಿತ್ರಗಳಲ್ಲಿ ಒಬ್ಬರಾದರೂ ರಾಗಿ ತಿಂದವರಿರಲಿಲ್ಲ. ನನ್ನ ಕಷ್ಟ ಶುರುವಾದದ್ದು ಅಲ್ಲಿಂದ.

ಮಂಡ್ಯದ ಕಡೆಯ ಈ ಟ್ರಸ್ಟ್ ಆಸ್ಪತ್ರೆಗೆ ನನ್ನನ್ನು ತಂದಾಗ ಹಾರ ಹಾಕಿ ಕುಂಕುಮ ಇಟ್ಟರು. ನನಗೆ ಸ್ವಂತ ಕಣ್ಣಿಲ್ಲ. ತೊಳೆದ ಕೊಳವೆಯನ್ನು ಎತ್ತಿ ಹಿಡಿದಾಗ ಜನರ ಮುಖ ಕೆಳಗಿನಿಂದ ಒಂದು ಗಳಿಗೆ ಕಾಣುತ್ತಿತ್ತು. ಡಾಕ್ಟರ್ ಇಂದುಧರರ ಗಲ್ಲ, ಸಿಸ್ಟರ್ ಸೆಲೀನರ ಕನ್ನಡಕದ ಅಂಚು, ಕೊಳವೆ ತೊಳೆಯುವ ಆಯಾ ಕೆಂಪಾಜಮ್ಮನ ಎಲೆಯಡಿಕೆ ಬಾಯಿ. ಉಳಿದಂತೆ ನಾನು ಈ ಊರಿನವರನ್ನು ಒಳಗಿನಿಂದಲೇ ಬಲ್ಲೆ. ಕೋಣೆಯಲ್ಲಿ ನಡೆಯುವುದನ್ನು ಸದ್ದಿನಿಂದ, ಅಲುಗಾಟದಿಂದ, ಆಮೇಲೆ ಆಡಿಕೊಳ್ಳುವ ಮಾತಿನಿಂದ ತಿಳಿಯುತ್ತೇನೆ.

ಮೊದಲ ವಾರ ಕರುಳಿನ ಒಂದು ಮಡಿಕೆಯ ಹಿಂದೆ ಅಡಗಿದ್ದ ಪಾಲಿಪ್ ತೋರಿಸಿದೆ. "ಭಲೆ! ನಾನು ದಾಟಿ ಹೋಗ್ತಿದ್ದೆ" ಎಂದು ಡಾಕ್ಟರು ತಂತಿಯ ಕುಣಿಕೆ ಹಾಕಿ ಅದನ್ನು ಕತ್ತರಿಸಿದರು. ನನಗೆ ಹೆಮ್ಮೆಯಾಯಿತು.

ಹೆಮ್ಮೆ ಬಹಳ ದಿನ ಉಳಿಯಲಿಲ್ಲ. ಪರೀಕ್ಷೆಗೆ ಮೂರು ದಿನ ಮುಂಚಿನಿಂದ ಮುದ್ದೆ ಉಣ್ಣಬೇಡಿ, ಹಿಂದಿನ ದಿನ ಬರೀ ನೀರಿನಂಥದ್ದು ಕುಡಿಯಿರಿ ಎಂದು ಸಿಸ್ಟರ್ ಹೇಳಿ ಕಳಿಸುತ್ತಿದ್ದರು. ಜನ ಮುದ್ದೆ ಬಿಡುತ್ತಿದ್ದರು. ಆದರೆ ರಾಗಿ ಅಂಬಲಿ ಇವರ ಲೆಕ್ಕದಲ್ಲಿ ಊಟವಲ್ಲ, ಕುಡಿಯುವ ನೀರು. ಕುಡಿದೇ ಬರುತ್ತಿದ್ದರು. ರಾಗಿಯ ಕೆಂಪು ಹೊಟ್ಟು ಕರುಳಿನ ಗೋಡೆಗೆ ಅಂಟಿಕೊಂಡಿರುತ್ತಿತ್ತು. ಪಾಠದಲ್ಲಿ ಇಲ್ಲದ್ದನ್ನು ಕಂಡು ನಾನು ಟಿಂಗ್ ಎನ್ನುತ್ತಿದ್ದೆ. ಡಾಕ್ಟರು ನೀರು ಹಾಯಿಸಿದರೆ ಹೊಟ್ಟು ಹರಿದುಹೋಗುತ್ತಿತ್ತು. ಮತ್ತೆ ಟಿಂಗ್. ಮತ್ತೆ ಹೊಟ್ಟು.

"ರಾಗಿ ಗಂಟೆ ಶುರುವಾಯ್ತು" ಎಂದು ಸಿಸ್ಟರ್ ನಗುತ್ತಿದ್ದರು. ಅರೆನಿದ್ದೆಯ ರೋಗಿಗಳು ಮಾತ್ರ ನಗುತ್ತಿರಲಿಲ್ಲ.

"ಏನ್ ಸಾ ಅದು ಹಂಗ್ ಬಡ್ಕತಾದೆ? ನಂಗೇನಾರಾ ಐತಾ?" ಎಂದು ಒಬ್ಬ ಮುದುಕ ಅತ್ತೇಬಿಟ್ಟ.

ಅವತ್ತೇ ನನ್ನ ಸದ್ದು ನಿಲ್ಲಿಸಿ ಗುಂಡಿಗೆ ಪ್ಲಾಸ್ಟರ್ ಹಚ್ಚಿದರು. ನನಗೆ ಉಳಿದದ್ದು ಹಸಿರು ಚೌಕ ಒಂದೇ. ನೋಡಿದವರಿಗೆ ಉಂಟು, ನೋಡದವರಿಗೆ ಇಲ್ಲ.

ಮರುವರ್ಷ ಸಾಕಮ್ಮ ಬಂದಳು. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವವಳು, ವಯಸ್ಸು ಐವತ್ತೊಂದು. ಮಲದಲ್ಲಿ ರಕ್ತ ಹೋಗುತ್ತಿತ್ತು.

"ಏನಾದ್ರೂ ತಿಂದ್ರಾ?" ಸಿಸ್ಟರ್ ಕೇಳಿದರು.

"ಎಲ್ಲವ್ವಾ! ನೆನ್ನೆ ಇನ್ನೂರು ಮಕ್ಳಿಗೆ ಬೇಯ್ಸಿ ಬಡ್ಸಿ ನಾನು ನೀರ್ ಕುಡ್ಕಂಡಿವ್ನಿ. ಆ ಹೈಕ್ಳು ಬೇರೆ, ಸಾಕಜ್ಜಿ ಸಣ್ಣ ಆಗೋದ್ಲು ಅಂತ ಆಡ್ಕತವೆ."

"ಬರೀ ನೀರೇನಾ?"

"ನೀರೇಯ. ಎಲ್ಡು ಲೋಟ ಅಂಬ್ಲಿ, ಅಷ್ಟೇಯ. ಸುಸ್ತಾಯ್ತದೆ ಅಂತ ನನ್ ಮಗಳು ಚಂದ್ರಿ ಕಲ್ಸಿ ಕೊಟ್ಲು. ಅದೂ ನೀರೇ ಅಲ್ವ್ರಾ?"

ಸಿಸ್ಟರ್ ಹಣೆ ಚಚ್ಚಿಕೊಂಡರು. "ಸಾರ್, ಇನ್ನೊಂದಿನ ಕರೆಯೋಣ್ವಾ?"

"ಪಾಪ, ರಜ ಹಾಕಿ ಬಂದಿದ್ದಾರೆ. ನೋಡೇಬಿಡೋಣ" ಎಂದರು ಡಾಕ್ಟರು. ಅದು ಒಳ್ಳೆಯ ಮನಸ್ಸಿನ ಮಾತೇ. ಹೊರಗೆ ಇನ್ನೂ ಎಂಟು ಜನ ಕೂತಿದ್ದರು.

ಒಳಗೆ ಎಲ್ಲಿ ನೋಡಿದರೂ ಹೊಟ್ಟು. ನನ್ನ ಚೌಕಗಳು ಹುಟ್ಟುತ್ತಿದ್ದವು, ನೀರು ಬಿದ್ದೊಡನೆ ಅಳಿಯುತ್ತಿದ್ದವು. ಬಲಬದಿಯ ತಿರುವಿನಲ್ಲಿ ಒಂದು ಕಡೆ ಗೋಡೆ ತುಸು ಉಬ್ಬಿತ್ತು. ಚಪ್ಪಟೆಯಾಗಿತ್ತು, ಮೇಲೆ ರಾಗಿ ಸವರಿದಂತಿತ್ತು. ಚೌಕ ಬರೆದೆ. ಡಾಕ್ಟರು ನೀರು ಹಾಯಿಸಿದರು. ಹೊಟ್ಟು ಹೋಯಿತು. ಚೌಕ ಹೋಗಲಿಲ್ಲ.

"ಸಾರ್, ಅದು ಹಂಗೇ ಇದೆ" ಎಂದರು ಸಿಸ್ಟರ್.

"ರಾಗಿ, ಸಿಸ್ಟರ್. ಮುಂದಿನವರನ್ನ ರೆಡಿ ಮಾಡಿಸಿ."

ಕೊಳವೆ ಹಿಂದಕ್ಕೆ ಸರಿಯಿತು. ನನಗೆ ಬಾಯಿ ಇರಲಿಲ್ಲ. ಇದ್ದಿದ್ದರೂ ರಾಗಿಗೂ ಇದಕ್ಕೂ ನಾನು ಒಂದೇ ದನಿಯಲ್ಲಿ ಕೂಗುತ್ತಿದ್ದೆ. ಅದು ನನ್ನ ತಪ್ಪು. ಹೇಳಿಕೊಳ್ಳಲೇಬೇಕು.

ಮೂಲವ್ಯಾಧಿ, ಬೇರೇನೂ ಇಲ್ಲ ಎಂದು ಬರೆದು ಕೊಟ್ಟರು. ಸಾಕಮ್ಮ ಕೈ ಮುಗಿದು ಹೋದಳು.

ಶನಿವಾರ ಮಧ್ಯಾಹ್ನ ವಾರದ ರೆಕಾರ್ಡಿಂಗ್ ಹಾಕಿ ನೋಡುವುದು ಡಾಕ್ಟರ ಪದ್ಧತಿ. ಆ ತಿರುವು ಬಂದಾಗ ಅವರು ನಿಲ್ಲಿಸಿದರು. ಹಿಂದೆ ಓಡಿಸಿ ಮತ್ತೆ ನೋಡಿದರು. ನೀರು ಹಾಯಿಸಿದ ಮೇಲೂ ಚೌಕ ಹನ್ನೊಂದು ಸೆಕೆಂಡು ಅಲ್ಲೇ ಇತ್ತು. ಕೂಡಲೇ ಕಾಗದ ಬರೆದರು. ಸಾಕಮ್ಮನವರೇ, ಒಂದು ಕಡೆ ಅನುಮಾನವಿದೆ, ಈ ತಿಂಗಳೇ ಮತ್ತೆ ಬನ್ನಿ. ಲಕೋಟೆ ಅಂಟಿಸಿ, ಸ್ಟ್ಯಾಂಪು ಹಚ್ಚಿ, ವಿಳಾಸ ಬರೆದರು. ಆಮೇಲೆ, ಕಾಗದ ಕಂಡು ಹೆದರುತ್ತಾರೆ, ಸೋಮವಾರ ಫೋನ್ ಮಾಡಿಯೇ ಹೇಳೋಣ ಎಂದುಕೊಂಡು ನನ್ನ ಕೆಳಗಿನ ಡ್ರಾಯರ್‌ನಲ್ಲಿ ಇಟ್ಟರು.

ಸೋಮವಾರ ಉಚಿತ ಶಿಬಿರ. ಮಂಗಳವಾರವೂ ಅದೇ. ಮುಂದಿನ ವಾರ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಒಂದು ವಾರ ತಡವಾದ ಕಾಗದಕ್ಕೆ ಏನಾದರೂ ಕಾರಣ ಬರೆಯಬಹುದು. ಮೂರು ತಿಂಗಳು ತಡವಾದದ್ದಕ್ಕೆ ಏನು ಬರೆಯುವುದು? ಅವರು ಡ್ರಾಯರ್ ಎಳೆಯುತ್ತಿದ್ದರು, ಮುಚ್ಚುತ್ತಿದ್ದರು. ಆ ಅಲುಗಾಟ ನನಗೆ ತಿಳಿಯುತ್ತಿತ್ತು.

"ಸಾರ್, ಆ ಬಿಸಿಯೂಟದಮ್ಮನ ಕಾಗದ?" ಎಂದು ಸಿಸ್ಟರ್ ಒಮ್ಮೆ ಕೇಳಿದರು.

"ಹೋಯ್ತು ಸಿಸ್ಟರ್."

ಎರಡು ವರ್ಷದ ಮೇಲೆ ಸಾಕಮ್ಮ ಬಂದಳು. ಈ ಸಲ ಮಗಳು ಚಂದ್ರಿಕಾ ಹಿಡಿದುಕೊಂಡು ಬಂದಳು. ಕೊಳವೆ ಆ ತಿರುವಿನವರೆಗೆ ಹೋಗಿ ನಿಂತಿತು. ಮುಂದಕ್ಕೆ ದಾರಿಯೇ ಇರಲಿಲ್ಲ. ನನ್ನ ಚೌಕ ಪರದೆಯಷ್ಟೇ ದೊಡ್ಡದಾಯಿತು. ಆಗ ಅದನ್ನು ತೋರಿಸಲು ನಾನು ಬೇಕಾಗಿರಲಿಲ್ಲ.

ಸಾಕಮ್ಮನೇ ಮೊದಲು ಮಾತಾಡಿದಳು.

"ನಂದೇ ತಪ್ಪು ಸಾ. ಅಂಬ್ಲಿ ಕುಡ್ಕಂಡ್ ಬಂದಿದ್ನಲ್ಲ, ನಿಮ್ಗೆಂಗ್ ಕಾಣ್ಬೇಕು?"

ಡಾಕ್ಟರು ಕೊಳವೆಯನ್ನು ಹಿಂದಕ್ಕೆ ಎಳೆದುಕೊಂಡರು. ಅವರು ಇಲ್ಲ ಎನ್ನಲಿಲ್ಲ.

ಆಪರೇಷನ್ ಆಯಿತು. ಆ ಹೊತ್ತಿಗೆ ಕ್ಯಾನ್ಸರ್ ಲಿವರಿಗೂ ಹಬ್ಬಿತ್ತು. ಐದು ತಿಂಗಳು ಬದುಕಿದಳು.

ಹೋದ ತಿಂಗಳು ಚಂದ್ರಿಕಾ ತಾಯಿಯ ರಿಪೋರ್ಟುಗಳನ್ನು ಕೇಳಿಕೊಂಡು ಬಂದಳು. "ಸಾಯೋಗಂಟ ಅಂಬ್ಲಿ ಕುಡ್ದೇ ಹಿಂಗಾಯ್ತು ಅಂತಿದ್ಲು ಸಾ. ಮನೇಲಿ ರಾಗಿ ಮುಟ್ಟಿ ಎಂಟು ತಿಂಗ್ಳಾಯ್ತು. ವಾಸ್ನೆ ಬಂದ್ರೆ ಎದ್ದು ಆಚೆಗ್ ಹೋಯ್ತೀನಿ."

"ಅದನ್ನ ಮನಸ್ಸಿಗೆ ಹಚ್ಕೋಬೇಡಮ್ಮ" ಎಂದರು ಡಾಕ್ಟರು.

"ಹೆಂಗ್ ಸಾ ಹಚ್ಕಳ್ದೆ ಇರ್ಲಿ? ಕಲ್ಸಿ ಕೊಟ್ಟೋಳು ನಾನು."

ಅವರು ರಿಪೋರ್ಟುಗಳನ್ನಷ್ಟೇ ಅವಳ ಕೈಗಿಟ್ಟರು. ಆ ಕೋಣೆಯಲ್ಲಿ ಪ್ಲಾಸ್ಟರ್ ಹಾಕಿದ್ದು ನನಗೊಬ್ಬನಿಗೇ ಅಲ್ಲ ಅನ್ನಿಸಿತು.

ಇದೀಗ ಕೆಂಪಾಜಮ್ಮ ನನ್ನನ್ನು ಒರೆಸಿ ಮುಗಿಸಿ ಡ್ರಾಯರ್ ಖಾಲಿ ಮಾಡುತ್ತಿದ್ದಾಳೆ. ಡಾಕ್ಟರು, ಸಿಸ್ಟರ್ ಅಲ್ಲೇ ಹೊಸ ಪೆಟ್ಟಿಗೆಗೆ ಜಾಗ ನೋಡುತ್ತಿದ್ದಾರೆ. ಕೈ ನಿಂತಿತು. ಲಕೋಟೆಯ ಮೇಲಿನ ಅಕ್ಷರಗಳನ್ನು ಒಂದೊಂದೇ ಕೂಡಿಸಿ ಓದಿದಳು.

"ಸಾ... ಕ... ಮ್ಮ. ಸಾ, ಸತ್ತೋದೋಳ ಕಾಗ್ದ ಇಲ್ಲೇ ಕೂತದಲ್ಲ!"

ಸಿಸ್ಟರ್ ಸೆಲೀನ ಹತ್ತಿರ ಬಂದರು. ಮುದ್ರೆಯಿಲ್ಲದ ಸ್ಟ್ಯಾಂಪು, ಒಡೆಯದ ಅಂಟು ನೋಡಿದರು. "ಹೋಯ್ತು ಅಂದಿದ್ರಲ್ಲ ಸಾರ್" ಎಂದರು.

ಡಾಕ್ಟರು ಸ್ಟೂಲ್ ಎಳೆದು ನನ್ನ ಪಕ್ಕವೇ ಕೂತರು. ನನ್ನ ತಲೆಯ ಮೇಲೆ ಹಾಳೆ ಇಟ್ಟು ಬರೆದರು. ಪೆನ್ನು ಒತ್ತಿದ್ದು ನನ್ನ ತಗಡಿಗೆ ತಾಗುತ್ತಿತ್ತು. ಮುಗಿಸಿ ಸಿಸ್ಟರಿಗೆ ಕೊಟ್ಟು, "ಗಟ್ಟಿಯಾಗಿ ಓದಿ. ನಾನು ಏನಾದ್ರೂ ಮುಚ್ಚಿಟ್ಟಿದ್ರೆ ಹೇಳಿ" ಎಂದರು.

ಸಿಸ್ಟರ್ ಓದಿದರು.

"ಚಂದ್ರಿಕಾ ಅವರಿಗೆ. ನಿಮ್ಮ ತಾಯಿ ಹೋದದ್ದು ನಿಮ್ಮ ಅಂಬಲಿಯಿಂದ ಅಲ್ಲ. ಅಂಬಲಿ ಇದ್ದರೂ ಗಡ್ಡೆ ಪರದೆಯ ಮೇಲೆ ಕಂಡಿತ್ತು. ಯಂತ್ರ ತೋರಿಸಿತು, ಸಿಸ್ಟರ್ ಹೇಳಿದರು, ನಾನು ರಾಗಿ ಎಂದು ತಳ್ಳಿಹಾಕಿದೆ. ಅದೇ ವಾರ ತಪ್ಪು ಗೊತ್ತಾಗಿ ಬರೆದ ಕಾಗದ ಇದರ ಜೊತೆ ಇದೆ, ತಾರೀಖು ನೋಡಿ. ಅದನ್ನು ಕಳಿಸದೆ ಇಟ್ಟುಕೊಂಡವನೂ ನಾನೇ. ಆ ದಿನದ ರೆಕಾರ್ಡಿಂಗ್ ನಿಮ್ಮದು. ಯಾರಿಗೆ ಬೇಕಾದರೂ ತೋರಿಸಿ, ದೂರು ಕೊಡಿ, ನಾನು ಅಲ್ಲಗಳೆಯುವುದಿಲ್ಲ. ತಾಯಿಗೆ ಬಂದದ್ದು ಮಕ್ಕಳಿಗೂ ಬರಬಹುದು. ಯಾವಾಗ ಪರೀಕ್ಷೆ ಮಾಡಿಸಬೇಕೆಂದು ನಿಮಗೆ ನಂಬಿಕೆಯಿರುವ ಡಾಕ್ಟರನ್ನು ಈಗಲೇ ಕೇಳಿ."

"ಏನೂ ಬಿಟ್ಟಿಲ್ಲ ಸಾರ್."

"ಕೆಂಪಾಜಮ್ಮ, ಇದನ್ನ ಪೋಸ್ಟಿಗೆ ಹಾಕ್ಬಿಡ್ತೀಯಾ?"

"ನಾನ್ಯಾಕ್ ಹಾಕ್ಲಿ? ನೀವೇ ನಡೀರಿ ಸಾ. ರಿಜಿಸ್ಟರ್ ಮಾಡ್ಸಿ. ಕಳ್ದೋಯ್ತು ಅನ್ನಂಗಿರ್ಬಾರ್ದು. ಬನ್ನಿ, ನಾನೂ ಬತ್ತೀನಿ."

ಡಾಕ್ಟರೂ ಕೆಂಪಾಜಮ್ಮನೂ ಹೋದರು. ಉಳಿದವರು ನನ್ನನ್ನು ಉಗ್ರಾಣಕ್ಕೆ ತಳ್ಳಿದರು. ಚಕ್ರ ಮುರಿದ ಸ್ಟ್ರೆಚರು, ಮುಳ್ಳು ನಿಂತ ತೂಕದ ಯಂತ್ರ, ಅವುಗಳ ನಡುವೆ ನನ್ನ ಜಾಗ. ವೈರು ಕಿತ್ತ ಮೇಲೆ ನನಗೆ ಕಾಣುವುದು ಏನೂ ಇಲ್ಲ. ಇಷ್ಟು ವರ್ಷದಲ್ಲಿ ಎಷ್ಟೋ ಜನರನ್ನು ಉಳಿಸಿದೆ ಎನ್ನುತ್ತಾರೆ. ನನ್ನೊಳಗೆ ಉಳಿದಿರುವುದು ಆ ಹನ್ನೊಂದು ಸೆಕೆಂಡು.

ಸ್ವಲ್ಪ ಹೊತ್ತಾದ ಮೇಲೆ ಹೊರಗಿನ ಓಣಿಯಲ್ಲಿ ಕೆಂಪಾಜಮ್ಮನ ಚಪ್ಪಲಿ ಸದ್ದು ಕೇಳಿಸಿತು.

"ತಕಳ್ಳಿ ಸಿಸ್ಟರ್, ಪೋಸ್ಟಿನ ರಸೀದಿ. ನನ್ ಕಣ್ಮುಂದೆನೇ ಸೀಲ್ ಹೊಡುದ್ರು."