ಹೊಸ ಲಾರಿಗೆ ಮೊದಲ ಕೈ

ಸಾಯಬಣ್ಣನ ಜೊತೆ ಮುಂಬೈಯಲ್ಲಿ ಬಸ್ಸು ಹತ್ತಿದವರ ಪಾಡು ಕೇಳಬಾರದು. ಕಿಟಕಿಯ ಹೊರಗೆ ಏನೇ ಕಾಣಲಿ, ಅದನ್ನು ತಂದವನು ಅವನೇ. ಪವಾಯಿಯ ಎತ್ತರದ ಬಿಲ್ಡಿಂಗುಗಳ ಟೈಲ್ಸು, ಮೆಟ್ರೋ ಕಂಬಗಳ ಒಳಗಿನ ಕಬ್ಬಿಣ, ಯಾವುದೋ ಆಸ್ಪತ್ರೆಯ ಲಿಫ್ಟು, ಎಲ್ಲವೂ ಅವನ ಲಾರಿಯಲ್ಲೇ ಬಂದಿಳಿದದ್ದು. ಹೆಂಡತಿ ಇಂದ್ರಾಬಾಯಿ ಕೇಳುವಷ್ಟು ಕೇಳಿ, "ಹೌದ್ರಿ, ಈ ಸಮುದ್ರದ ನೀರೂ ನೀವ ತಂದು ಸುರುವೀರಿ" ಎನ್ನುತ್ತಿದ್ದಳು. ಅವನಿಗೇನೂ ಬೇಜಾರಿಲ್ಲ. ಮುಂದಿನ ಸಿಗ್ನಲ್ಲಿನಲ್ಲಿ ಇನ್ನೊಂದು ಬಿಲ್ಡಿಂಗಿನ ಕಡೆ ಬೆರಳು ತೋರಿಸುತ್ತಿದ್ದ.

ಮೀಸೆ ಮೂಡುವ ಮೊದಲೇ ಅಫಜಲಪುರದ ಕಡೆಯಿಂದ ಬಂದು, ಲಾರಿ ತೊಳೆದು, ಕ್ಲೀನರ್ ಆಗಿ, ಆಮೇಲೆ ಸ್ಟೇರಿಂಗ್ ಹಿಡಿದವನು ಅವನು. ವಿಕ್ರೋಳಿಯ ಚಾಳಿನಲ್ಲಿ ಸಂಸಾರ, ಅಲ್ಲೇ ಸಮೀಪದ ಹಿತೇಶಭಾಯಿಯ ಟ್ರಾನ್ಸ್‌ಪೋರ್ಟಿನಲ್ಲಿ ನೌಕರಿ. ಆ ಅಂಗಳದಲ್ಲಿ ಅವನಿಗೊಂದು ಮರ್ಯಾದೆಯಿತ್ತು. ಹೊಸ ಲಾರಿ ಬಂದರೆ ಅದಕ್ಕೆ ಮೊದಲ ಕೈ ಸಾಯಬಣ್ಣನದೇ ಆಗಬೇಕು. ಅವನ ಕೈಗುಣ ಒಳ್ಳೆಯದು, ಅವನು ಮೊದಲು ಹೊರಳಿಸಿದ ಗಾಡಿ ಎಲ್ಲೂ ಗುದ್ದಿಲ್ಲ ಎಂದು ಹಿತೇಶಭಾಯಿಯ ಅಪ್ಪನ ಕಾಲದಿಂದ ನಂಬಿಕೆ. ಅದೊಂದು ಮಾತಿಗೆ ಸಾಯಬಣ್ಣ ವರ್ಷವಿಡೀ ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದ.

ಇಂಥ ಸಾಯಬಣ್ಣ ಈ ಸಲ ದಸರಾಕ್ಕೆ ಮುಂಚೆ ಸಯನ್ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಮನೆಯಲ್ಲಿ ಕೂತಿದ್ದ. ಡಾಕ್ಟರು ಹೇಳುವತನಕ ಸ್ಟೇರಿಂಗ್ ಮುಟ್ಟುವಂತಿಲ್ಲ. ಹೀಗೆ ಕೂತಿದ್ದಾಗಲೇ ಒಂದು ಸಂಜೆ ಮಗಳು ಶೀತಲ್ ಪೇಢೆಯ ಡಬ್ಬಿ ಹಿಡಿದು ಬಂದಳು.

ಶೀತಲ್ ಬಿ.ಕಾಂ. ಮುಗಿಸಿ ಪಾರ್ಸಲ್ ಕಂಪನಿಯೊಂದಕ್ಕೆ ಸೇರಿದ್ದಳು. ಕೂತು ಬಿಲ್ಲು ಬರೆಯುವ ಕೆಲಸವಿದ್ದರೂ ಬೇಡವೆಂದು ಪಾರ್ಸಲ್ ಹಂಚುವ ಸಣ್ಣ ಟೆಂಪೋ ಓಡಿಸುತ್ತಿದ್ದಳು. ಹುಡುಗಾಟಿಕೆ, ನಾಲ್ಕು ದಿನ ಓಡಿಸಿ ಬಿಡುತ್ತಾಳೆ ಎಂದು ಅಪ್ಪ ಸುಮ್ಮನಿದ್ದ. ಬಿಡಲಿಲ್ಲ. ಸದ್ದಿಲ್ಲದೆ ಕಲಿತು ದೊಡ್ಡ ಗಾಡಿಯ ಲೈಸೆನ್ಸನ್ನೂ ಮಾಡಿಸಿಕೊಂಡಿದ್ದಳು. ಈಗ ಭಿವಂಡಿಯ ಗೋದಾಮಿನಿಂದ ಪುಣೆಗೆ ಹೋಗುವ ದೊಡ್ಡ ಲಾರಿಯನ್ನೇ ಅವಳಿಗೆ ಕೊಡುತ್ತಾರಂತೆ. ಬೇಡವೆಂದರೆ ಆಫೀಸಿನ ಕುರ್ಚಿ ಇದ್ದೇ ಇದೆಯಂತೆ. ಯಾವುದೆಂದು ದಸರಾ ಕಳೆದ ಮೇಲೆ ಹೇಳಬೇಕಂತೆ.

ಸಾಯಬಣ್ಣನ ಕೈಯಲ್ಲಿದ್ದ ಪೇಢೆ ಕೈಯಲ್ಲೇ ಉಳಿಯಿತು.

"ಕುರ್ಚಿ ತಗೋ. ಲಾರಿ ಬ್ಯಾಡ" ಎಂದ.

"ಯಾಕ ಪಪ್ಪಾ?"

"ಅದು ಹಾಳು ಕೆಲಸ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಇಂದ್ರಾಬಾಯಿಯ ಕೈ ನಿಂತಿತು. ಈ ಮನುಷ್ಯನ ಬಾಯಿಂದ ಈ ಮಾತೇ ಎಂದು ಅವಳು ಬಾಗಿಲಿಗೆ ಬಂದು ನಿಂತಳು. ಶೀತಲ್ ಹುಟ್ಟಿ ಬೆಳೆದದ್ದು ಮುಂಬೈ. ಅವಳ ಕನ್ನಡ ಅರ್ಧ ದಾರಿ ನಡೆದು ಹಿಂದಿಯ ಕೈ ಹಿಡಿಯುತ್ತಿತ್ತು. ಆದರೂ ಆವತ್ತು ತಡವರಿಸಲಿಲ್ಲ.

"ಪಪ್ಪಾ, ಅರ್ಧಾ ಬಂಬೈ ನೀನೇ ತಂದಿ ಅಂತ ಬಚಪನ್‌ದಿಂದ ಕೇಳೀನಿ. ಅದೆಲ್ಲಾ ಹಾಳು ಕೆಲಸ ಕ್ಯಾ? ಯೋಚನೆ ಮಾಡಿ ಹೇಳು. ನೀನು ಹೌದು ಅಂದ್ರ ನಾನು ಚುಪ್‌ಚಾಪ್ ಆಫೀಸಿಗೆ ಹೋಗ್ತೀನಿ."

ಎಂಥ ಹಗ್ಗ ಹಾಕಿದಳು ನೋಡಿ. ಮಗಳನ್ನು ಕುರ್ಚಿಯಲ್ಲಿ ಕೂರಿಸಬೇಕೆಂದರೆ ಅಪ್ಪ ತನ್ನ ಇಡೀ ಜೀವಮಾನದ ದುಡಿಮೆ ಹಾಳೆಂದು ತನ್ನ ಬಾಯಿಂದಲೇ ಒಪ್ಪಬೇಕು. ಸಾಯಬಣ್ಣ ಹೆಂಡತಿಯ ಮುಖ ನೋಡಿದ. ಅವಳು, "ನನ್ನ ಮಾರಿ ಯಾಕ ನೋಡ್ತೀರಿ? ಮುಂಬೈ ಹೊತ್ತು ತಂದಾವ್ರು ನೀವು, ನೀವ ಹೇಳ್ರಿ" ಎಂದು ರೊಟ್ಟಿಗೆ ಹೋದಳು. ಅವನು ದಸರಾ ದಿನ ಹೇಳುತ್ತೇನೆಂದು ಗೋಡೆ ಕಡೆ ಮಗ್ಗುಲಾದ.

ಕಪ್ಪು ಕನ್ನಡಕದ ಹಿಂದೆ ಕೂತವನಿಗೆ ಯೋಚನೆಗೇನು ಬರ? ತಾಯಿ ಸತ್ತಾಗ ತಾನು ನಾಗಪುರದ ಆಚೆ ಇದ್ದದ್ದು, ಬರುವಷ್ಟರಲ್ಲಿ ಮಣ್ಣು ಮುಗಿದಿದ್ದದ್ದು. ಈ ಶೀತಲ್ ಹುಟ್ಟಿದ ಸುದ್ದಿ ಢಾಬಾದ ಫೋನಿನಲ್ಲಿ ಕೇಳಿದ್ದು. ಸೊಂಟ ಹಿಡಿದದ್ದು, ತಪಾಸಣೆಯ ನಾಕಾದಲ್ಲಿ ತನಗಿಂತ ಸಣ್ಣ ವಯಸ್ಸಿನ ಪೊಲೀಸು ಏಕವಚನದಲ್ಲಿ ಕರೆದದ್ದು. ಗಂಡಸಾದ ತನಗೇ ಇಷ್ಟಾದರೆ ಹೆಣ್ಣುಮಗಳಿಗೆ ಹೆದ್ದಾರಿಯಲ್ಲಿ ಒಂದು ಶೌಚಾಲಯವಾದರೂ ನೆಟ್ಟಗಿದೆಯೇ? ಅದು ಸಾಲದೆಂಬಂತೆ ದಹಿಸರ್‌ನಲ್ಲಿರುವ ಅವನ ಹೆಂಡತಿಯ ತಮ್ಮ ಸುಭಾಷ ಒಂದು ವರ ನೋಡಿ ಇಟ್ಟಿದ್ದ. ಹುಡುಗನ ಕಡೆಯವರು ಬಿಲ್ಡಿಂಗಿನಲ್ಲಿ ಇರುವವರು. ಹುಡುಗಿ ಟೆಂಪೋ ಓಡಿಸುತ್ತಾಳೆಂದು ಯಾರೂ ಬಾಯಿ ಬಿಡಬೇಡಿ, ಆಫೀಸಿನಲ್ಲಿದ್ದಾಳೆಂದೇ ಹೇಳಿ ಎಂದು ಅವನು ಮೊದಲೇ ಪಾಠ ಮಾಡಿದ್ದ.

ಆದರೆ ಮನಸ್ಸು ಒಂದೇ ಕಡೆ ನಿಲ್ಲಬೇಕಲ್ಲ. ಕೊರೊನಾ ಬಂದು ಊರೆಲ್ಲ ಬಾಗಿಲು ಹಾಕಿಕೊಂಡಾಗ ತಾನೊಬ್ಬ ಖಾಲಿ ಹೆದ್ದಾರಿಯಲ್ಲಿ ಹಾಲಿನ ಪುಡಿ ಹೇರಿಕೊಂಡು ಬಂದದ್ದೂ ನೆನಪಾಗುತ್ತಿತ್ತು. ಆವತ್ತು ಚಾಳಿನ ಹೆಂಗಸರು ಮಹಡಿಯಿಂದ ಕೈ ಬೀಸಿದ್ದರು. ಆ ದಿನ ತಾನು ಯಾವ ಸಾಹೇಬನಿಗೂ ಕಡಿಮೆಯಿರಲಿಲ್ಲ ಎಂದುಕೊಳ್ಳುವಷ್ಟರಲ್ಲಿ ಸೊಂಟ ಚುಳುಕ್ಕೆನ್ನುತ್ತಿತ್ತು. ದಸರಾದ ಬೆಳಗ್ಗೆ ಅವನು ಮುಖ ತೊಳೆಯುವಾಗ ಮನಸ್ಸು ಗಟ್ಟಿ ಮಾಡಿಕೊಂಡ. ಏನಾದರಾಗಲಿ, ಬೇಡ ಎಂದೇ ಹೇಳುವುದು.

ಹಿತೇಶಭಾಯಿಯ ಅಂಗಳ ಚೆಂಡು ಹೂವಿನಿಂದ ಹಳದಿಯಾಗಿತ್ತು. ತೊಳೆದು, ಕುಂಕುಮವಿಟ್ಟ ಲಾರಿಗಳು ಸಾಲಾಗಿ ಪೂರ್ವಕ್ಕೆ ಮುಖ ಮಾಡಿ ನಿಂತಿದ್ದವು. ಪೂಜೆಯ ಹೊತ್ತಿಗೆ ಗಾಡಿಯ ಮುಖ ಪೂರ್ವಕ್ಕಿರಬೇಕು, ಅದು ಅಲ್ಲಿನ ಕಟ್ಟುಪಾಡು. ಹೊಸದೊಂದು ಮಾತ್ರ ಗೋಡೆಗೆ ಮುಖ ಕೊಟ್ಟು ಪಶ್ಚಿಮಕ್ಕೆ ನಿಂತಿತ್ತು. ಹಿಂದಿನ ದಿನ ಶೋರೂಮಿನವರು ಹಾಗೇ ತಂದು ಬಿಟ್ಟು ಹೋಗಿದ್ದರು. ಅದನ್ನು ಬೇವಿನ ಮರಕ್ಕೂ ಗೋಡೆಗೂ ನಡುವೆ ಹಿಂದೆ ಸರಿಸಿ ಸರಿಸಿ ಹೊರಳಿಸಬೇಕು. ಆಮೇಲೆ ಪೂಜೆ, ಆಮೇಲೆ ಗಾಲಿಗಳ ಕೆಳಗೆ ನಿಂಬೆಹಣ್ಣು.

ಹಿತೇಶಭಾಯಿ ಕೀಲಿಕೈ ಹಿಡಿದು ಸಾಯಬಣ್ಣನ ಹತ್ತಿರ ಬಂದ. ನಿನ್ನ ಕಣ್ಣು ಹೀಗಾಯಿತು, ಇರಲಿ, ಆದರೆ ಮೊದಲ ಕೈ ಯಾರದಾಗಬೇಕೆಂದು ನೀನೇ ಹೇಳು ಎಂದ. ಡ್ರೈವರುಗಳಾದ ಮರೆಪ್ಪ, ಶರಣ ಇಬ್ಬರೂ ಹೊಸ ಅಂಗಿ ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದರು. ಮರೆಪ್ಪನ ಹೆಸರು ಸಾಯಬಣ್ಣನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಆ ಮರೆಪ್ಪ ಸುಮ್ಮನಿರಬಾರದೇ? ನಗುತ್ತಾ ಅಂದ:

"ಕೈಗುಣ ಏನ್ ತರ್ತದಣ್ಣ? ನನ್ನ ಮಗಗ ಹೇಳೀನಿ, ಭಿಕ್ಷಾ ಬೇಡು, ಈ ಹಾಳು ಕೆಲಸಕ್ಕ ಮಾತ್ರ ಬರಬ್ಯಾಡ ಅಂತ."

ಸಾಯಬಣ್ಣನಿಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು.

"ಯಾವುದೋ ಹಾಳು ಕೆಲಸ? ನೀ ನಿಂತ ನೆಲದ ಸಿಮೆಂಟು ನಡಕೊಂತ ಬಂತೇನು? ನಿನ್ನ ಮಗನ ಸಾಲಿ ಪುಸ್ತಕ ಹಾರ್ಕೊಂತ ಬಂತೇನು? ಹೊಲಸು ಮಾತು ಆಡಬ್ಯಾಡ, ಇವತ್ತ ಗಾಡಿ ಪೂಜಾ ಅದ."

ಮರೆಪ್ಪ ಬೆಪ್ಪಾಗಿ ನಿಂತ. ಸಾಯಬಣ್ಣ ಉಸಿರು ಬಿಟ್ಟು ಹಿಂದೆ ತಿರುಗಿದರೆ ಇಂದ್ರಾಬಾಯಿ ತೆಂಗಿನಕಾಯಿಯ ಬುಟ್ಟಿ ಹಿಡಿದು ನಿಂತಿದ್ದಾಳೆ, ಅವಳ ಪಕ್ಕದಲ್ಲಿ ಶೀತಲ್. ಕನ್ನಡಕದ ಮಂಜಿನಲ್ಲಿ ಮಗಳ ಮುಖ ಸರಿಯಾಗಿ ಕಾಣಲಿಲ್ಲ. ಆದರೆ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಾಳೆಂಬುದು ಚೆನ್ನಾಗಿಯೇ ತಿಳಿಯಿತು. ಇನ್ನು ಯಾವ ಮುಖ ಹೊತ್ತು ಬೇಡ ಎನ್ನುವುದು?

ಅವನು ಹಿತೇಶಭಾಯಿಯ ಕೈಯಿಂದ ಕೀಲಿ ತೆಗೆದುಕೊಂಡು ಮಗಳ ಕಡೆ ಚಾಚಿದ. "ಹತ್ತು" ಎಂದ.

ಹಿತೇಶಭಾಯಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಮೊದಲ ಕೈ ಯಾರದೆಂದು ಕೇಳಿದವನು ತಾನೇ. ಶೀತಲ್ ಚಪ್ಪಲಿ ಕಳಚಿ, ಮೆಟ್ಟಿಲು ಮುಟ್ಟಿ ಹಣೆಗೊತ್ತಿಕೊಂಡು ಹತ್ತಿ ಕೂತಳು. ಹಾಗೆ ಮಾಡೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಪ್ಪನನ್ನು ನೋಡಿ ಕಲಿತದ್ದು.

ಆಮೇಲೆ ಸಾಯಬಣ್ಣ ಮಾಡಿದ್ದು ಕಂಡು ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲಾರಿ ಹಿಂದೆ ಸರಿಯುವಾಗ ಹಿಂದೆ ನಿಂತು ಅದರ ಮೈ ತಟ್ಟುವುದು ಕ್ಲೀನರನ ಕೆಲಸ. ಒಂದು ಏಟಿಗೆ ನಿಲ್ಲಬೇಕು, ಎರಡು ಏಟಿಗೆ ಬರಬೇಕು. ಸ್ಟೇರಿಂಗ್ ಹಿಡಿದ ಕೈ ಮತ್ತೆ ಇನ್ನೊಬ್ಬರ ಲಾರಿಯ ಹಿಂಬದಿ ತಟ್ಟುವುದಿಲ್ಲ, ಅದು ಡ್ರೈವರನ ಜಂಬ. ಆ ಜಂಬದಲ್ಲಿ ಎಲ್ಲರಿಗಿಂತ ಒಂದು ಕೈ ಮೇಲಾಗಿದ್ದ ಸಾಯಬಣ್ಣ ಲುಂಗಿ ಮೇಲೆ ಕಟ್ಟಿ, ನೆಟ್ಟಗೆ ಲಾರಿಯ ಹಿಂದೆ ಹೋಗಿ ನಿಂತ. ಅಂಗೈಯಿಂದ ತಗಡಿಗೆ ಎರಡು ಏಟು ಹಾಕಿದ.

ಲಾರಿ ಬಂತು. ಮೆಲ್ಲಗೆ, ಹೆದರದೆ ಬಂತು. ಎರಡು ಏಟು, ಮತ್ತೆರಡು ಏಟು. ಬೇವಿನ ಮರ ಪಕ್ಕಕ್ಕೆ ಬಂದಾಗ ಒಂದೇ ಏಟು ಹಾಕಿದ, ಅಲ್ಲೇ ನಿಂತಿತು. ಸ್ಟೇರಿಂಗ್ ತಿರುಗಿಸಿಕೊಂಡು ಮುಂದೆ ಹೋಗಿ ಮತ್ತೆ ಬಂತು. ಗೋಡೆಯ ಹತ್ತಿರ ಜಾಗವಿದೆಯೆಂದು ಎರಡು ಏಟು ಹಾಕಿದ. ಲಾರಿ ಅಲ್ಲಾಡಲಿಲ್ಲ. ಇನ್ನೂ ಜೋರಾಗಿ ಎರಡು ಹಾಕಿದ. ಊಹೂಂ. ತಟ್ಟಿದ್ದಕ್ಕೆ ಬೆಲೆ ಕೊಡದ ಡ್ರೈವರೆಂದರೆ ಅವನಿಗೆ ಮೊದಲಿನಿಂದಲೂ ಮೈಯುರಿ. ಬೈಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಶೀತಲ್ ಕಿಟಕಿಯಿಂದ ತಲೆ ಹಾಕಿದಳು.

"ಪಪ್ಪಾ, ನಿನ್ನ ಲೆಫ್ಟಿಗೆ ಪೈಪ್ ಅದ, ನೋಡು."

ಅವನು ಎಡಗೈ ಚಾಚಿದ. ಗೋಡೆಯಿಂದ ಹೊರಬಂದ ನಲ್ಲಿಯ ಪೈಪು ಕೈಗೆ ತಾಗಿತು. ಅದಕ್ಕೂ ಹೊಸ ಲಾರಿಯ ಹಿಂದಿನ ದೀಪಕ್ಕೂ ನಡುವೆ ಅವನ ಅಂಗೈಯಷ್ಟು ಜಾಗವಿತ್ತು. ಅವನ ಕಣ್ಣಿಗೆ ಬೀಳದ್ದು ಅವಳಿಗೆ ಕನ್ನಡಿಯಲ್ಲಿ ಕಂಡಿತ್ತು. ಅಪ್ಪನೇ ತಟ್ಟಿದರೂ, ಊರೇ ನಿಂತು ನೋಡುತ್ತಿದ್ದರೂ ಅವಳು ನಿಂತಿದ್ದಳು. ಕಣ್ಣು ನೆಟ್ಟಗಿದ್ದು ತಾನೇ ಸೀಟಿನಲ್ಲಿ ಕೂತಿದ್ದರೂ ಇಲ್ಲೇ, ಇದೇ ಜಾಗದಲ್ಲಿ ನಿಲ್ಲಿಸುತ್ತಿದ್ದೆ ಎಂದು ಅವನಿಗನ್ನಿಸಿತು. ಕನ್ನಡಕದ ಕೆಳಗೆ ಒದ್ದೆಯಾಯಿತು. ಒರೆಸಿಕೊಳ್ಳುವುದು ಬೇಡವೆಂದು ಡಾಕ್ಟರು ಹೇಳಿದ್ದರಿಂದ ಹಾಗೇ ಬಿಟ್ಟ.

ಸ್ವಲ್ಪ ಹೊತ್ತಿಗೆ ಹೊಸ ಲಾರಿ ಸಾಲಿನಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತಿತು. ಪೂಜೆಯಾಯಿತು, ಕಾಯಿ ಒಡೆಯಿತು, ನಿಂಬೆಹಣ್ಣುಗಳು ಶೀತಲ್‌ಳ ಗಾಲಿಯ ಕೆಳಗೆ ಪಚಕ್ಕೆಂದವು. ಮೊದಲು ಚಪ್ಪಾಳೆ ತಟ್ಟಿದವನು ಮರೆಪ್ಪ.

ಇಳಿದು ಬಂದ ಮಗಳು ಬನ್ನಿ ಎಲೆ ಕೊಟ್ಟು ಅಪ್ಪನ ಕಾಲು ಮುಟ್ಟಿದಳು. ಎದ್ದವಳು ಹೋಗಲಿಲ್ಲ, ನಿಂತಳು. ಅವಳಿಗೆ ಜವಾಬು ಬೇಕಿತ್ತು.

"ಹಾಳು ಕೆಲಸ ಅಲ್ಲವ್ವಾ" ಎಂದ ಸಾಯಬಣ್ಣ. "ಸುಳ್ಳು ಹೇಳ್ದೆ. ನಿನಗೇನಾರ ಆದ್ರ ಅಂತ ಅಂಜಿ ಹೇಳ್ದೆ. ಭಾಳ ತ್ರಾಸ ಅದ, ಮನಿ ಮರೀಬೇಕಾಗ್ತದ. ಆದ್ರ ನನಗ ಇನ್ನೊಂದು ಜನ್ಮ ಕೊಟ್ರೂ ನಾ ಇದನ್ನೇ ಮಾಡಾವ."

ಶೀತಲ್ ಅವನ ಅಂಗೈ ಹಿಡಿದುಕೊಂಡಳು. ತಗಡು ತಟ್ಟಿ ತಟ್ಟಿ ಅದು ಕೆಂಪಾಗಿತ್ತು.

ಅಷ್ಟರಲ್ಲಿ ಇಂದ್ರಾಬಾಯಿಯ ಫೋನು ಬಡಿದುಕೊಂಡಿತು. ದಹಿಸರ್‌ನಿಂದ ಸುಭಾಷ. ಹುಡುಗನ ಕಡೆಯವರು ಎದುರಿಗೇ ಕೂತಿದ್ದಾರೆ, ಹುಡುಗಿ ಯಾವ ಆಫೀಸು ಎಂದು ಕೇಳುತ್ತಿದ್ದಾರೆ, ಏನು ಹೇಳಲಿ ಎಂದು ಅವನ ಪಿಸುಮಾತು. ಇಂದ್ರಾಬಾಯಿ ಫೋನನ್ನು ಗಂಡನ ಕಿವಿಗೆ ಹಿಡಿದಳು.

ಸಾಯಬಣ್ಣ ಅಂಗಳಕ್ಕೆಲ್ಲ ಕೇಳುವಂತೆ ಹೇಳಿದ:

"ಲಾರಿ ಡ್ರೈವರ್ ಅಂತ ಹೇಳು. ಡ್ರೈವರನ ಮಗಳು, ಡ್ರೈವರ್. ಅವ್ರು ಏನರ ಕೇಳೂ ಮೊದಲ ನೀ ಒಂದು ಮಾತು ಕೇಳು ಸುಭಾಷ, ಅವ್ರ ಬಿಲ್ಡಿಂಗ್ ಮುಂದ ಲಾರಿ ನಿಲ್ಲಸಾಕ ಜಾಗ ಅದ ಏನು ಅಂತ."