ಒಂಟಿಕಲ್ಲಿನ ಪ್ರತೀತಿ

ನಮ್ಮೂರು ಒಂಟಿಕಲ್ಲು. ಕಾಪುವಿನಿಂದ ಕಾರ್ಕಳದ ಕಡೆಗೆ ಒಳಗೆ ಬಂದರೆ ಹೊಳೆ ತಿರುಗುವಲ್ಲಿ ಸಿಗುವ ಪುಟ್ಟ ಪಟ್ಟಣ. ಅದರ ಇತಿಹಾಸ ಬರೆದ ಮಹಾನುಭಾವ ನಾನೇ, ತಾರಾನಾಥ ಮಾಸ್ಟ್ರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನಿಗೆ ನಿವೃತ್ತಿಯಾದ ಮರುದಿನ ಇತಿಹಾಸ ಬರಬೇಕೆಂದೇನೂ ಇಲ್ಲ. ಆದರೆ ಊರು ಪಟ್ಟಣ ಪಂಚಾಯತಿಯಾದ ಸಂಭ್ರಮಕ್ಕೆ ಸ್ಮರಣ ಸಂಚಿಕೆ ತರುತ್ತೇವೆ, ಹೆಸರಿನ ಹಿನ್ನೆಲೆ ಬರೆದುಕೊಡಿ ಎಂದು ಸಮಿತಿಯ ಅಧ್ಯಕ್ಷ ಜಿತೇಂದ್ರ ಕೇಳಿದ. ಗಣಿತದಲ್ಲಿ ಎರಡು ಸಲ ಫೇಲಾದ ನನ್ನ ಶಿಷ್ಯ. ಅವನೆದುರು ಗೊತ್ತಿಲ್ಲ ಎನ್ನಲು ನಾಲಗೆ ಏಳಲಿಲ್ಲ.

ವಿಚಾರಿಸಿದ್ದು ಪುಷ್ಪಾವತಿಯಕ್ಕನಲ್ಲಿ. ಅವರು ದಿನಾ ಕಾಪುವಿನಿಂದ ಬಸ್ಸಿನಲ್ಲಿ ಮೀನು ತಂದು, ಊರಿಗೆ ಹೆಸರು ಕೊಟ್ಟ ಹೊಳೆಬದಿಯ ಒಂಟಿ ಕಲ್ಲಿನ ಮೇಲೆ ಬುಟ್ಟಿ ಇಟ್ಟು ಮಾರಿ, ಉಳಿದದ್ದನ್ನು ತಲೆಯಲ್ಲಿ ಹೊತ್ತು ಮನೆಮನೆಗೆ ಹೋಗುವವರು.

"ನನ್ನ ಅಜ್ಜಿಯ ಕಾಲದಲ್ಲಿ ಬಸ್ಸು ಎಲ್ಲಿತ್ತು ಮಾಸ್ಟ್ರೇ? ಕಾಪುವಿನಿಂದ ನಡೆದೇ ಬರುವುದು. ಹೊರೆ ಇಳಿಸಲಿಕ್ಕೆ, ಪುನಃ ಒಬ್ಬರೇ ತಲೆಗೇರಿಸಲಿಕ್ಕೆ ಎಂದು ಎದೆಯೆತ್ತರದ ಕಲ್ಲು ನಿಲ್ಲಿಸಿದರು. ಅದರ ಸುತ್ತ ಊರಾಯಿತು. ಅಷ್ಟೇ ಕಥೆ."

ಅಷ್ಟೇ ಕಥೆ! ಮೀನುಬುಟ್ಟಿಯಿಂದ ಹುಟ್ಟಿದ ಊರು ಎಂದು ಬರೆದರೆ ನಮ್ಮ ಮರ್ಯಾದೆ ಎಂತ ಉಳಿಯಿತು? ಘಟ್ಟ ಇಳಿದು ಬಂದ ದೇವಿ ದಣಿದು ಆ ಕಲ್ಲಿಗೆ ಒರಗಿ ನಿಂತಳು ಎಂದು ಬರೆದೆ. ಕೊನೆಗೆ 'ಎಂಬ ಪ್ರತೀತಿ ಇದೆ' ಎಂದು ಸೇರಿಸಿದೆ. ಅದೊಂದು ಸೇರಿಸಿದರೆ ಯಾವ ಸುಳ್ಳೂ ನಡೆಯುತ್ತದೆ.

ಹೆಂಡತಿ ಪ್ರಫುಲ್ಲಾ ಓದಿ, "ಯಾರ ಪ್ರತೀತಿ? ನಿಮ್ಮೊಬ್ಬರದ್ದು ಅಲ್ವಾ?" ಎಂದಳು.

ಸಂಚಿಕೆ ಬಂದ ವಾರದಲ್ಲಿ ಕಲ್ಲಿಗೆ ಕುಂಕುಮ ಬಿತ್ತು. ತಿಂಗಳೊಳಗೆ ಸುತ್ತಲೂ ಸ್ಟೀಲಿನ ಬೇಲಿ ಬಂತು, ಜೊತೆಗೆ 'ಇಲ್ಲಿ ಮೀನು ಮಾರಬಾರದು' ಎಂಬ ಬೋರ್ಡು.

ಪುಷ್ಪಾವತಿಯಕ್ಕ ನಮ್ಮ ಗೇಟಿನೆದುರು ಬಂದು ನಿಂತರು. "ನೆಲದಲ್ಲಿಟ್ಟರೆ ಈ ಪ್ರಾಯದಲ್ಲಿ ಬುಟ್ಟಿ ಎತ್ತಲಿಕ್ಕೆ ನನ್ನಿಂದ ಆಗುವುದಿಲ್ಲ ಮಾಸ್ಟ್ರೇ. ವ್ಯಾಪಾರ ಬಿಡಬೇಕಷ್ಟೆ. ನಾನು ನಿಮಗೆ ಸರಿಯಾಗಿಯೇ ಹೇಳಿದ್ದೆ ಅಲ್ವಾ?"

ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನನಗೆ ಎಷ್ಟು ನಾಚಿಕೆಯಾಯಿತೆಂದರೆ ಅಂದು ಮಧ್ಯಾಹ್ನ ಬಂಗುಡೆ ಮೀನಿನ ಸಾರನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಮುಂದಿನ ಭಾನುವಾರ ನನಗೆ ಸನ್ಮಾನ. ಶಾಲು ಹೊದೆಸಿದ ಕೂಡಲೇ ಮೈಕಿನಲ್ಲಿ ಹೇಳಿಯೇಬಿಟ್ಟೆ: "ದೇವಿಯ ಕಥೆ ನಾನು ಕಟ್ಟಿದ್ದು. ಕಲ್ಲು ಪುಷ್ಪಾವತಿಯಕ್ಕನ ಅಜ್ಜಿಯವರದ್ದು. ದಯವಿಟ್ಟು ಬೇಲಿ ತೆಗೆಯಿರಿ."

ಜಿತೇಂದ್ರ ಮೈಕ್ ತೆಗೆದುಕೊಂಡ. "ಎಂತ ವಿನಯ ಮಾರಾಯ್ರೇ! ಇಷ್ಟು ಬರೆದೂ ತನ್ನದೇನೂ ಇಲ್ಲ ಎನ್ನುತ್ತಾರೆ. ಬರೆಸಿದ್ದು ಆ ತಾಯಿಯೇ!"

ಭಾರೀ ಚಪ್ಪಾಳೆ. ನನ್ನ ಸುಳ್ಳನ್ನು ನಂಬಿದವರು ನನ್ನ ನಿಜವನ್ನು ನಂಬಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂದು ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಬಂದೆ.

ಗೇಟಿನ ಹತ್ತಿರ ಕಾಲು ನಿಂತಿತು. ನಮ್ಮ ಕಂಪೌಂಡಿನ ಗೋಡೆ, ನಮ್ಮ ಕಡೆಯವರ ಬಾಯಲ್ಲಿ ಪಾಗಾರ, ಸರಿಯಾಗಿ ಎದೆಯೆತ್ತರ. ಕಳ್ಳರ ಹೆದರಿಕೆಗೆ ಮೇಲೆ ಗಾಜಿನ ಚೂರು ನೆಡಿಸಿದ್ದೆ. ಮರುದಿನ ಬೆಳಿಗ್ಗೆ ಸುತ್ತಿಗೆ ತಂದು ಅದನ್ನೆಲ್ಲ ಒಡೆದು ತೆಗೆದೆ. ಹೆಬ್ಬೆರಳಿಗೂ ಎರಡು ಪೆಟ್ಟು ಬಿತ್ತು. ಸನ್ಮಾನದ ಶಾಲಿನಿಂದಲೇ ಪ್ರಫುಲ್ಲಾ ಧೂಳು ಒರೆಸಿದಳು. ಮನೆಯೆದುರಿನ ರಸ್ತೆಯಲ್ಲಿ ಕಾಪು ಬಸ್ಸಿಗೆ ಅಡ್ಡ ನಿಂತು ಪುಷ್ಪಾವತಿಯಕ್ಕನನ್ನು ಇಳಿಸಿದೆ.

"ಅಕ್ಕ, ಇನ್ನು ಬುಟ್ಟಿ ಇಲ್ಲಿಡಿ."

ಅವರು ಪಾಗಾರವನ್ನು ಎರಡು ಕೈಯಿಂದ ದೂಡಿ ನೋಡಿದರು. "ಗಟ್ಟಿ ಉಂಟು. ಇದರ ಬಗ್ಗೆ ಮಾತ್ರ ಎಂತದೂ ಬರೆಯಬೇಡಿ ಮಾಸ್ಟ್ರೇ."

ಬರೆಯಲಿಲ್ಲ, ದೇವರಾಣೆ. ಆದರೂ ನಿನ್ನೆ ಕಾರ್ಕಳದಿಂದ ಬರುವಾಗ ನಮ್ಮ ಮನೆಯೆದುರು ಕಂಡಕ್ಟರ್ ಸೀಟಿ ಊದಿ ಕೂಗಿದ: "ಮೀನ್ ಪಾಗಾರ! ಮೀನ್ ಪಾಗಾರ ಇಳಿಯುವವರು ಬೇಗ ಬನ್ನಿ!"

ನಾಲ್ಕೈದು ಜನ ಎದ್ದರು. ಅವರ ಹಿಂದೆ ನಾನೂ ಇಳಿದೆ.