ಏಳು ಚಿತ್ರಗಳಿಗೆ ಒಂದೇ ಬಿಳಿ

ಅಪ್ಪನಿಗೆ ಮರೆವಿನ ಕಾಯಿಲೆ ಶುರುವಾಗಿ ಮೂರು ವರ್ಷ. ನಲವತ್ತು ವರ್ಷ ಮನೆಗಳಿಗೆ ಬಣ್ಣ ಹೊಡೆದ ಮೇಸ್ತ್ರಿ ಅವರು. ಈಗ ಅಮ್ಮನನ್ನು ಯಾವುದೋ ಮನೆಯ ಮಾಲೀಕರೆಂದು ತಿಳಿದು, ಬೆಳಿಗ್ಗೆ ಎದ್ದ ಕೂಡಲೇ ಕೈಕಟ್ಟಿ ನಿಂತು, "ಅಮ್ಮಾವ್ರೇ, ಇವತ್ತು ಯಾವ ರೂಮು?" ಎನ್ನುತ್ತಾರೆ.

"ಮದುವೆ ಆದಾಗಿಂದ ಇದೇ ಮೊದಲ ಸಲ ನಾನು ಹೇಳಿದ್ದು ಕೇಳ್ತಿದ್ದಾರೆ. ನೀನು ಮಧ್ಯೆ ಬಾಯಿ ಹಾಕ್ಬೇಡ" ಎಂದು ಅಮ್ಮ ನನ್ನನ್ನು ಸುಮ್ಮನಿರಿಸಿದ್ದಾಳೆ.

ಆದರೂ ವಾರವಿಡೀ ಮಾಲೀಕರಾಗಿರುವುದು ಸುಲಭವಲ್ಲ. ಅಮ್ಮನಿಗೆ ಉಸಿರಾಡಲು ಸಿಗುವುದು ಮಂಗಳವಾರದ ಎರಡು ಗಂಟೆ ಮಾತ್ರ. ಗ್ರಂಥಾಲಯದ ಮಹಡಿಯಲ್ಲಿ ಮರೆವಿನವರು ಮತ್ತು ಅವರನ್ನು ನೋಡಿಕೊಳ್ಳುವವರು ಜೋಡಿಯಾಗಿ ಕೂತು ಚಿತ್ರ ಬರೆಯುತ್ತಾರೆ. ಅಲ್ಲಿ ಅಮ್ಮ ತನ್ನಂಥವರ ಜೊತೆ ಹರಟುತ್ತ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಆ ನಗುವಿಗೆ ಕುತ್ತು ಬಂದಿತ್ತು. ಅಪ್ಪ ಒಂದು ವಾರ ಮೇಜಿಗೆ ಬಣ್ಣ ಹೊಡೆದರು, ಮರುವಾರ ಕಿಟಕಿಗೆ. "ಇನ್ನೊಂದು ಸಲ ಹೀಗಾದ್ರೆ ನೀವು ಬೇರೆ ಕಡೆ ನೋಡ್ಕೋಬೇಕಾಗುತ್ತಮ್ಮ" ಎಂದು ಟೀಚರ್ ಮೆತ್ತಗೆ ಹೇಳಿದ್ದರು. ಹಾಗಾಗಿ ಈ ಸಲ ಕಾವಲಿಗೆ ನಾನೂ ಹೋದೆ.

ವಿರಾಮದಲ್ಲಿ ಅಪ್ಪನನ್ನೂ ನನ್ನನ್ನೂ ಬಿಟ್ಟು ಎಲ್ಲರೂ ಪಕ್ಕದ ಕೋಣೆಗೆ ಟೀ ಕುಡಿಯಲು ಹೋದರು. ಪ್ರದರ್ಶನಕ್ಕೆ ಸಿದ್ಧವಾದ ಏಳು ಚಿತ್ರಗಳನ್ನು ಗೋಡೆಗೆ ಸಾಲಾಗಿ ಅಂಟಿಸಿದ್ದರು. ಅಷ್ಟರಲ್ಲಿ ನನಗೆ ಕಾಲೇಜಿನಿಂದ ಫೋನ್ ಬಂತು. ಮೆಟ್ಟಿಲ ಬಳಿ ನಿಂತು ಮಾತಾಡಿದ್ದು ಆರೇ ನಿಮಿಷ. ಮರಳಿದಾಗ ಏಳೂ ಬೆಳ್ಳಗಾಗಿದ್ದವು.

ಪೂರ್ತಿ ಬೆಳ್ಳಗೇನಲ್ಲ. ಕೆಳಗಿದ್ದದ್ದು ನೀರಿನ ಬಣ್ಣ. ಒದ್ದೆ ಬಿಳಿ ತಾಗಿದ್ದೇ ಕರಗಿ ಮೇಲೆದ್ದು ಒಂದು ಹಾಳೆ ಗುಲಾಬಿ, ಇನ್ನೊಂದು ತಿಳಿನೀಲಿಯಾಗಿತ್ತು. ರಸಾಯನಶಾಸ್ತ್ರ ಪಾಠ ಮಾಡುವ ನನಗೆ ಇದೆಲ್ಲ ಅರ್ಥವಾಯಿತು. ಪ್ರಯೋಜನವಾಗಲಿಲ್ಲ.

"ಹಳೇ ಗೋಡೆ," ಅಪ್ಪ ಅಗಲ ಬ್ರಶ್ಶನ್ನು ತರಗತಿಯ ಬಿಳಿ ಬಣ್ಣದ ಡಬ್ಬಿಯ ಅಂಚಿಗೆ ಒರೆಸಿದರು. "ಕಲೆ ಮೇಲೆ ಬರ್ತಿದೆ. ಒಂದೇ ಕೋಟ್ ಹೊಡೆದ್ರೆ ಬಗ್ಗಲ್ಲ."

ಟೀ ಲೋಟ ಹಿಡಿದು ಬಂದವರೆಲ್ಲ ಬಾಗಿಲಲ್ಲೇ ನಿಂತರು. ಅಮ್ಮ ಕಣ್ಣು ಮುಚ್ಚಿಕೊಂಡಳು.

"ಅಯ್ಯೋ, ನಮ್ಮತ್ತೆ ಬರೆದ ಹಡಗು!" ನಿವೃತ್ತ ನರ್ಸ್ ಒಬ್ಬರ ಸೊಸೆ ಕಿರುಚಿದಳು.

"ಯಾವ ಹಡಗೇ?" ಎಂದರು ಅತ್ತೆ.

"ಎರಡು ವಾರ ಕೂತು ಬರೆದ್ರಲ್ಲ!"

"ನಾನೆಲ್ಲಿ ಬರೆದೆ? ನೀನು ಬರೀತಿದ್ದೆ, ನಾನು ಬ್ರಶ್ ತೊಳೀತಿದ್ದೆ."

ಹಡಗು ಮರೆತವರಿಗೆ ಇದು ಮರೆತಿರಲಿಲ್ಲ. ಸೊಸೆಯ ಕಿವಿ ಕೆಂಪಾಯಿತು. ಬಸ್ ಡ್ರೈವರಾಗಿದ್ದ ಅಣ್ಣನನ್ನು ಕರೆತಂದಿದ್ದವನೊಬ್ಬ ತನ್ನ ಲೋಟದೊಳಗೆ ಏನನ್ನೋ ಹುಡುಕತೊಡಗಿದ. ಅಣ್ಣನ ಹೆಸರು ಹಾಕಿದ್ದ ಚಿತ್ರದ ಬೆಟ್ಟಗಳೂ ಈ ತಮ್ಮ ಬರೆದವೇ ಎಂದು ಎಲ್ಲರಿಗೂ ಹೊಳೆಯಿತು.

ಟೀಚರ್ ಅಮ್ಮನ ಕಡೆ ತಿರುಗಿದರು. ಅಪ್ಪ ಅಡ್ಡ ಬಂದರು.

"ಅವರಿಗೇನೂ ಹೇಳ್ಬೇಡಿ ಮೇಡಂ. ನಮ್ಮ ಅಮ್ಮಾವ್ರು ಬಹಳ ಒಳ್ಳೆಯವರು. ಬೈಯೋದಿದ್ರೆ ನನ್ನ ಬೈಯಿರಿ." ಆಮೇಲೆ ಬಾಗಿಲ ಕಡೆ ನೋಡಿ ಗುಡುಗಿದರು: "ಏನು ಮದುವೆಗೆ ಬಂದ ಹಾಗೆ ನಿಂತಿದ್ದೀರಿ? ಹಿಡ್ಕೊಳ್ಳಿ ಬ್ರಶ್ಶು!"

ಮಾತು ಕೇಳಿದವರು ಮರೆವಿನವರು ಮಾತ್ರ. ಒಬ್ಬೊಬ್ಬರಾಗಿ ಬಂದು ಬ್ರಶ್ ಹಿಡಿದರು.

"ಮೇಲಿಂದ ಕೆಳಗೆ, ನೇರವಾಗಿ" ಎಂದರು ಅಪ್ಪ.

ಡ್ರೈವರ್ ಹಾಳೆಯ ತುಂಬ ಕೆಂಪು ಗೆರೆಯನ್ನು ಹಾವಿನಂತೆ ಹರಿಸಿದರು. "ಇದು ಘಾಟಿ ಸ್ವಾಮಿ. ನೇರ ಹೋದ್ರೆ ಕಮರಿಗೇ!"

ನರ್ಸ್ ಅಳೆದಿಟ್ಟಂತೆ ನೀಲಿ ಚುಕ್ಕಿ ಇಡುತ್ತಿದ್ದರು. "ಊಟ ಆದ್ಮೇಲೆ ಎರಡೆರಡು" ಎಂದು ಅಪ್ಪನಿಗೆ ತಾಕೀತು ಮಾಡಿದರು.

"ಥೂ, ನನ್ನ ಗೋಡೆ ಕೆಡಿಸಿಬಿಟ್ರಿ!" ಅಪ್ಪ ಕುಣಿಯುವಂತೆ ಓಡಾಡಿದರು. ಡ್ರೈವರ್ ಅವರ ತಮ್ಮ ಆ ಘಾಟಿಯನ್ನು ತಿದ್ದಲು ಕೈ ಚಾಚಿದ. ನರ್ಸ್ ಸೊಸೆ ಆ ಕೈಗೆ ಪಟ್ಟನೆ ಹೊಡೆದಳು. "ಕೈ ತೆಗೀರಿ! ನಾನು ಎಷ್ಟು ಕಷ್ಟಪಟ್ಟು ಸುಮ್ನಿದ್ದೀನಿ!"

ಅಮ್ಮನಿಗೆ ನಗು ಒತ್ತಿಕೊಂಡು ಬಂತು. ಅದು ಸೊಸೆಗೆ ಹತ್ತಿತು, ತಮ್ಮನಿಗೆ ಹತ್ತಿತು, ಮೂಗಿನ ಮೇಲೆ ಬಿಳಿ ಹನಿ ಬಿದ್ದಿದ್ದ ಟೀಚರ್ ತಡೆದು ತಡೆದು ಸೋತರು. ಕೆಳಗಿನಿಂದ ಯಾರೋ ಬಂದು ಇದು ಗ್ರಂಥಾಲಯವೆಂದು ನೆನಪಿಸಿದರು.

ಕಣ್ಣೊರೆಸಿಕೊಂಡು ಟೀಚರ್ ಗೋಡೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ಈಗ ಅಲ್ಲಿದ್ದದ್ದು ಮರೆವಿನವರೇ ಬರೆದ ಚಿತ್ರಗಳು. ಅಮ್ಮ ನನ್ನ ಕೈ ಹಿಂಡುತ್ತಿದ್ದಳು.

"ಮೇಸ್ತ್ರಿ," ಎಂದರು ಟೀಚರ್, "ಮುಂದಿನ ಮಂಗಳವಾರ ಎಷ್ಟು ಗಂಟೆಗೆ ಶುರು ಮಾಡೋಣ?"

ಅಪ್ಪ ಅವರನ್ನು ಅಡಿಯಿಂದ ಮುಡಿಯವರೆಗೆ ಅಳೆದರು.

"ಎಂಟಕ್ಕೆ ಬನ್ನಿ. ಹಳೇ ಬಟ್ಟೆ ಹಾಕ್ಕೊಂಡು."